ಮುಳುಗಿದ ಹಡಗು, ಮುಳುಗಿಸಿದ ಹಡಗು

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಸ್ಕೂಬಾ ಡೈವರ್‌ಗಳು ಹುಡುಕಿಕೊಂಡು ಹೋಗುವ ಎರಡು ಹಡಗುಗಳಿವೆ. ಯೊಂಗಾಲಾ 1911ರಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಪ್ರಯಾಣಿಕರ ಹಡಗು. ಬ್ರಿಸ್ಬೇನ್ 2005ರ ಜುಲೈ 31ರಂದು ಡೈವರ್‌ಗಳಿಗೆಂದು ಸರ್ಕಾರವೇ ಮುಂದೆ ನಿಂತು ಮುಳುಗಿಸಿದ ಯುದ್ಧನೌಕೆ. ಎರಡೂ ಮಲಗಿರುವ ಆಳ ಹೆಚ್ಚುಕಡಿಮೆ ಒಂದೇ, ಮೂವತ್ತು ಮೀಟರ್ ಆಸುಪಾಸು. ಆದರೆ ಬ್ರಿಸ್ಬೇನಿನ ಒಳಗೆ ಈಜಿಕೊಂಡು ಹೋಗಬಹುದು. ಯೊಂಗಾಲಾದ ಒಳಗೆ ಕಾಲಿಡುವುದು ಕಾನೂನಿನ ಪ್ರಕಾರ ಅಪರಾಧ.

ತಳಕ್ಕೊಂದು ತೂತು ಹೊಡೆದರೆ ಹಡಗು ಮುಳುಗಿತಲ್ಲ, ಅದರಲ್ಲೇನು ಕಸುಬು ಅನ್ನಿಸಬಹುದು. ಮುಳುಗುವುದೇನೋ ಮುಳುಗುತ್ತದೆ, ನೆಟ್ಟಗೆ ಕೂರುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ಮೊದಲ ಕೆಲಸ ಶುಚಿ ಮಾಡುವುದು. ಟ್ಯಾಂಕು, ಕೊಳವೆಗಳಲ್ಲಿ ಉಳಿದ ಎಣ್ಣೆ, ಆಸ್ಬೆಸ್ಟಾಸ್, ವಿಷದ ರಾಸಾಯನಿಕ ಸೇರಿದ ಹಳೆಯ ಕೇಬಲ್ಲುಗಳು, ಎಲ್ಲವನ್ನೂ ಕಿತ್ತು ತೆಗೆಯಬೇಕು. ಅಪಘಾತದ ಹಡಗಿಗೆ ಈ ಭಾಗ್ಯವಿಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಮುಳುಗಿದಾಗ ನಮ್ಮ ಕರಾವಳಿಯವರನ್ನು ಕಾಡಿದ್ದು ಅದರೊಳಗಿನ ಎಣ್ಣೆಯ ಭಯವೇ.

ಆಮೇಲೆ ಬಾಗಿಲುಗಳನ್ನು ಕಳಚುತ್ತಾರೆ, ಇಲ್ಲವೇ ಮುಚ್ಚಿಕೊಳ್ಳದಂತೆ ಬೆಸುಗೆ ಹಾಕುತ್ತಾರೆ. ಇಕ್ಕಟ್ಟಿನ ಜಾಗಗಳನ್ನು ಮುಚ್ಚಿಬಿಡುತ್ತಾರೆ. ಪಕ್ಕದ ಗೋಡೆಗಳಲ್ಲಿ ಆಳೆತ್ತರದ ಕಿಂಡಿಗಳನ್ನು ಕೊಯ್ಯುತ್ತಾರೆ. ಒಳಗೆ ಎಲ್ಲಿದ್ದರೂ ಹೊರಗಿನ ಬೆಳಕು ಕಾಣಿಸಬೇಕು ಎಂಬುದು ಲೆಕ್ಕ. ಮುಳುಗುವ ಹೊತ್ತಿನ ಲೆಕ್ಕ ಇನ್ನೂ ಸೂಕ್ಷ್ಮ. ನೀರುಮಟ್ಟದ ಕೆಳಗೆ ಸಿಡಿಮದ್ದು ಒಡೆದು ನೀರು ನುಗ್ಗುವಾಗ ಒಳಗಿನ ಗಾಳಿಗೆ ಹೊರಬೀಳಲು ಮೇಲ್ಗಡೆ ದಾರಿ ಇರಬೇಕು. ಎಡಬಲ ಒಂದೇ ಸಮ ತುಂಬಬೇಕು. ಒಂದು ಕಡೆ ತುಸು ಹೆಚ್ಚಾದರೂ ಹಡಗು ಹೊರಳುತ್ತದೆ. ಬ್ರಿಸ್ಬೇನ್ ಎರಡೇ ನಿಮಿಷದ ಆಸುಪಾಸಿನಲ್ಲಿ ಇಳಿದು ನೆಟ್ಟಗೆ ಕೂತಿತು. ಎಲ್ಲರಿಗೂ ಹೀಗೆ ಒಲಿಯುವುದಿಲ್ಲ. ಫ್ಲಾರಿಡಾದಲ್ಲಿ 2002ರ ಮೇನಲ್ಲಿ ಸ್ಪೀಗಲ್ ಗ್ರೋವ್ ಎಂಬ ನೌಕೆ ಗೊತ್ತುಮಾಡಿದ ಹೊತ್ತಿಗೆ ಮೊದಲೇ ತಾನಾಗಿ ಮುಳುಗತೊಡಗಿ, ತಲೆಕೆಳಗಾಗಿ, ಮೂತಿಯನ್ನು ನೀರಿನ ಮೇಲೆ ಚಾಚಿಕೊಂಡು ನಿಂತುಬಿಟ್ಟಿತು. ಹೆಣಗಾಡಿ ಅದನ್ನು ಪಕ್ಕಕ್ಕೆ ಮಲಗಿಸುವಷ್ಟರಲ್ಲಿ ಸಾಕುಬೇಕಾಯಿತು. ಕೊನೆಗೆ ನೆಟ್ಟಗೆ ನಿಲ್ಲಿಸಿದ್ದು 2005ರ ಡೆನ್ನಿಸ್ ಚಂಡಮಾರುತ, ಅದೂ ಕೂಲಿ ಕೇಳದೆ!

ಇಷ್ಟು ಸಜ್ಜು ಮಾಡಿದ ಹಡಗೂ ಒಳಹೊಕ್ಕವರಿಗೆ ಸಲೀಸಲ್ಲ. ತಲೆಯ ಮೇಲೆ ಚಾವಣಿ ಇರುವುದರಿಂದ ಗಾಬರಿಯಾದರೆ ಸೀದಾ ಮೇಲಕ್ಕೆ ಏಳುವಂತಿಲ್ಲ. ಆದ್ದರಿಂದ ಪಳಗಿದವರು ರೀಲಿನ ದಾರವನ್ನು ಬಾಗಿಲ ಹೊರಗೊಮ್ಮೆ, ಒಳಗೊಮ್ಮೆ ಕಟ್ಟಿ, ಅದನ್ನು ಬಿಚ್ಚುತ್ತ ಸಾಗುತ್ತಾರೆ. ಸಿಲಿಂಡರಿನ ಗಾಳಿಯನ್ನು ಮೂರು ಪಾಲು ಮಾಡಿಕೊಳ್ಳುತ್ತಾರೆ: ಹೋಗಲು ಒಂದು, ಬರಲು ಒಂದು, ಆಪತ್ತಿಗೊಂದು. ಜೊತೆಗಾರನ ಗಾಳಿ ಮುಗಿದರೆ ಅವನಿಗೆ ಉಸಿರಾಡಲು ಒದಗುವುದು ಆ ಕೊನೆಯ ಪಾಲು. ಇದೆಲ್ಲಕ್ಕಿಂತ ನನಗೆ ಬೆರಗು ಹುಟ್ಟಿಸುವುದು ಅವರ ಕಾಲಿನ ಹದ. ನೆಲದ ಮೇಲೆ ನುಣ್ಣನೆಯ ಹೂಳು ಕೂತಿರುತ್ತದೆ. ಫಿನ್ನನ್ನು ಒಮ್ಮೆ ಜೋರಾಗಿ ಬಡಿದರೆ ಸಾಕು, ಟಾರ್ಚು ಇದ್ದೂ ಕಣ್ಣು ಕಾಣದು. ಅದಕ್ಕೇ ಮಂಡಿ ಮಡಿಚಿ, ಕಪ್ಪೆಯಂತೆ ಕಾಲನ್ನು ಅಗಲಿಸಿ, ನೀರನ್ನು ಹಿಂದಕ್ಕೆ ತಳ್ಳುತ್ತಾರೆ, ಕೆಳಕ್ಕಲ್ಲ. ಒಳ್ಳೆಯ ಡೈವರ್ ಹಾದುಹೋದ ಕೋಣೆಯಲ್ಲಿ ಹೂಳು ಕದಲಿರುವುದಿಲ್ಲ.

ಇಂಥವರಿಗೂ ಯೊಂಗಾಲಾ ಏಕೆ ತೆರೆದಿಲ್ಲ? 1911ರ ಮಾರ್ಚ್ 23ರಂದು ಅದು ಮಕಾಯ್ ಬಂದರು ಬಿಟ್ಟು ಹೊರಟ ಸ್ವಲ್ಪ ಹೊತ್ತಿಗೆ ದಡಕ್ಕೆ ಚಂಡಮಾರುತದ ಎಚ್ಚರಿಕೆ ಬಂತು. ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ, ತಿಳಿಸುವುದು ಹೇಗೆ? 122 ಮಂದಿ ಹೋದರು. ಒಬ್ಬರ ದೇಹವೂ ದಡಕ್ಕೆ ಬರಲಿಲ್ಲ. ಬಂದದ್ದು ಮೂನ್‌ಶೈನ್ ಎಂಬ ರೇಸ್ ಕುದುರೆಯ ಕಳೇಬರ. ಹಡಗು ಪತ್ತೆಯಾಗಿ, ಅದರಲ್ಲಿ ಸಿಕ್ಕ ತಿಜೋರಿಯ ನಂಬರಿನಿಂದ ಗುರುತು ಖಚಿತವಾಗುವ ಹೊತ್ತಿಗೆ ಸುಮಾರು ಅರ್ಧ ಶತಮಾನ ಕಳೆದಿತ್ತು. ಹೀಗಾಗಿ ಅದು ಸಮಾಧಿ. ಜೊತೆಗೊಂದು ಲೌಕಿಕ ಕಾರಣವೂ ಇದೆ: ಒಳಹೊಕ್ಕವರು ಬಿಡುವ ಉಸಿರಿನ ಗುಳ್ಳೆಗಳು ಚಾವಣಿಗೆ ಸಿಕ್ಕಿಕೊಂಡು, ನೂರು ವರ್ಷ ದಾಟಿದ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತವೆ. ಹೊರಗಿನಿಂದ ನೋಡಿದರೇ ಕಣ್ಣಿಗೆ ಹಬ್ಬ. ಸುತ್ತ ಬರೀ ಮರಳು ಇರುವುದರಿಂದ ಹವಳ, ಆಮೆ, ಕಡಲ ಹಾವು, ಆಳುದ್ದದ ಗ್ರೂಪರ್ ಮೀನು, ಎಲ್ಲಕ್ಕೂ ಆ 109 ಮೀಟರ್ ಕಬ್ಬಿಣವೇ ಆಸರೆ.

ಮುಳುಗಿಸಿದ ಹಡಗನ್ನು ನಕಲಿ ಎಂದು ಮೂಗು ಮುರಿಯುವ ಡೈವರ್‌ಗಳಿದ್ದಾರೆ. ಕತೆಯಿಲ್ಲದ ಹಡಗಿನಲ್ಲೇನು ರುಚಿ ಎಂಬುದು ಅವರ ವಾದ. ಬ್ರಿಸ್ಬೇನಿಗೆ ಕತೆಯಿದೆ, ವಿಯೆಟ್ನಾಂ ಯುದ್ಧ ಕಂಡ ನೌಕೆ ಅದು. ಅದು ಬಿಡಿ, ಯಾರ ಸಾವಿನ ಮನೆಯೂ ಅಲ್ಲದ ಕಡೆ ಕಸುಬು ಕಲಿಯುವುದೇ ಸರಿ ಎಂದು ನನ್ನ ಎಣಿಕೆ.

ಮುರುಡೇಶ್ವರದ ನೇತ್ರಾಣಿಯಲ್ಲಿ ಸ್ಕೂಬಾ ಕಲಿತು ಆ ಕಡೆ ಹೋಗುವವರಿದ್ದರೆ, ಮೊದಲು ಮುಲೂಲಬಾದಿಂದ ದೋಣಿ ಹತ್ತಿ ಬ್ರಿಸ್ಬೇನ್ ನೋಡಿ. ಒಳಹೋಗುವುದಾದರೆ ತರಬೇತಿ ಪಡೆದೇ ಹೋಗಿ. ಯೊಂಗಾಲಾ ಬಳಿ ಸೆಳೆತ ಜೋರು, ಆಳದ ಅಭ್ಯಾಸ ಗಟ್ಟಿಯಾದ ಮೇಲೆ ಅಲ್ಲಿಗೆ ಇಳಿಯಿರಿ. ಇಳಿದ ಮೇಲೆ ಏನನ್ನೂ ಮುಟ್ಟಬೇಡಿ.