ನಿಮಗಿದು ಗೊತ್ತೆ? ಗಾಯ ಬರೀ ಮೇಕಪ್ಪು, ಗಡುವು ಮಾತ್ರ 10 ನಿಮಿಷ!

ಅಮೆರಿಕದಲ್ಲಿ ಆಂಬುಲೆನ್ಸ್ ಸಿಬ್ಬಂದಿಯಾಗಲು ಕಲಿಯುವವರು ಅಪಘಾತದ ಗಾಯಾಳುವಿನ ತಪಾಸಣೆಯ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಲೇ ಅಭ್ಯಾಸ ಮಾಡುತ್ತಾರೆ. ಗಾಯಾಳುವಿನ ಪಾತ್ರದಲ್ಲಿ ಹಲವು ಬಾರಿ ಸಹಪಾಠಿಯೇ ಮೇಕಪ್ಪಿನ ಗಾಯ ಮಾಡಿಕೊಂಡು ಮಲಗುತ್ತಾನೆ.

• ಶುರುವಿನಲ್ಲೇ ಕೈಗವಸು ಹಾಕಿದ್ದನ್ನು ಹೇಳಬೇಕು, ಸ್ಥಳ ಸುರಕ್ಷಿತವೇ ಎಂದು ನೋಡಬೇಕು. ಇವುಗಳಲ್ಲಿ ಒಂದನ್ನು ಮರೆತರೂ, ಉಳಿದದ್ದೆಲ್ಲ ಸರಿಯಿದ್ದರೂ ಕೌಶಲ ಪರೀಕ್ಷೆಯಲ್ಲಿ ಫೇಲ್!

• ಜೀವಕ್ಕೆ ಕುತ್ತು ತರುವ ರಕ್ತಸ್ರಾವ, ಉಸಿರಿನ ದಾರಿ, ಉಸಿರಾಟ, ನಾಡಿ ಮೊದಲು. ತಲೆಯಿಂದ ಪಾದದವರೆಗಿನ ವಿವರವಾದ ಪರೀಕ್ಷೆ ಆಮೇಲೆ.

• ಆಂಬುಲೆನ್ಸ್ ಸಿಬ್ಬಂದಿಗೆ ಪ್ರಮಾಣಪತ್ರ ನೀಡುವ ನ್ಯಾಷನಲ್ ರಿಜಿಸ್ಟ್ರಿ ಸಂಸ್ಥೆ ರೂಪಿಸಿದ, ಅಂಕ ನೀಡುವ ಪಟ್ಟಿಯ ಪ್ರಕಾರ 10 ನಿಮಿಷದೊಳಗೆ ಆಸ್ಪತ್ರೆಗೆ ಸಾಗಿಸುವ ನಿರ್ಧಾರ ಹೇಳದಿದ್ದರೂ ಫೇಲ್. ಕಾರಣ, ದೇಹದೊಳಗಿನ ತೀವ್ರ ರಕ್ತಸ್ರಾವ ನಿಲ್ಲಿಸಲು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಅದು ರಸ್ತೆ ಬದಿಯಲ್ಲಿ ಆಗುವ ಕೆಲಸವಲ್ಲ.