ಎಂಟನೇ ತರಗತಿಗೆ ಒಂಟಿ ಹೆಜ್ಜೆ ಬೇಡ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಶಾಲಾ ಪ್ರಾರಂಭೋತ್ಸವದ ತಳಿರುತೋರಣ ಕಟ್ಟುವ ಹೊತ್ತಿಗೆ, ಪ್ರತಿವರ್ಷವೂ ಸಾವಿರಾರು ಮಕ್ಕಳು ಒಂದು ಶಾಲೆಯಿಂದ ವರ್ಗಾವಣೆ ಪತ್ರ ಪಡೆದು ಇನ್ನೊಂದು ಶಾಲೆಗೆ ದಾಖಲಾಗುತ್ತಾರೆ. ಕರ್ನಾಟಕದ ವ್ಯವಸ್ಥೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ, ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ, ಕೆಲವೆಡೆ ಎಂಟಕ್ಕೆ ನಿಲ್ಲುತ್ತದೆ, ಪ್ರೌಢಶಾಲೆ ಎಂಟರಿಂದ ಹತ್ತರವರೆಗೆ ನಡೆಯುತ್ತದೆ. ಆದ್ದರಿಂದ ಊರಿನ ಶಾಲೆಯಲ್ಲಿ ಅಕ್ಷರ ಕಲಿತ ಮಗು ಎಸ್ಸೆಸ್ಸೆಲ್ಸಿ ಮುಗಿಸುವುದರೊಳಗೆ ಒಮ್ಮೆಯಾದರೂ, ಎಷ್ಟೋ ಸಲ ಎರಡು ಬಾರಿ, ಹೊಸ ಗುರುಗಳು ಮತ್ತು ಹೊಸ ಸಹಪಾಠಿಗಳ ನಡುವೆ ತನ್ನ ಸ್ಥಾನವನ್ನು ಕಂಡುಕೊಳ್ಳಬೇಕಾಗುತ್ತದೆ. ಪಾಠದ ಅಂತರ ತುಂಬಲು ಶಿಕ್ಷಣ ಇಲಾಖೆ ವರ್ಷಾರಂಭದಲ್ಲಿ ‘ಸೇತುಬಂಧ’ ಕಾರ್ಯಕ್ರಮ ನಡೆಸುತ್ತದೆ. ಹಿಂದಿನ ತರಗತಿಯಲ್ಲಿ ಕಲಿತಿರಬೇಕಾದದ್ದನ್ನು ಪೂರ್ವ ಪರೀಕ್ಷೆಯಿಂದ ಅಳೆದು, ಕೊರತೆಯಿದ್ದಲ್ಲಿ ಮತ್ತೆ ಕಲಿಸುವುದು ಅದರ ಉದ್ದೇಶ. ಸ್ನೇಹ, ಧೈರ್ಯ, ನಡವಳಿಕೆಗಳ ವಿಷಯದಲ್ಲಿಯೂ ಅಂಥದೇ ಸೇತುವೆ ಬೇಕು, ಮತ್ತು ಅದನ್ನು ಕಟ್ಟಬೇಕಾದ ಹೊಣೆ ಮಗುವಿನದಲ್ಲ, ಹಿರಿಯರದು.

ಹೊಂದಾಣಿಕೆಯ ಎರಡು ಮುಖ

ಶಿಕ್ಷಣಶಾಸ್ತ್ರದಲ್ಲಿ ಶಾಲಾ ಹೊಂದಾಣಿಕೆಯನ್ನು ಎರಡು ಮುಖಗಳಲ್ಲಿ ನೋಡುವ ರೂಢಿಯಿದೆ. ಸಹಪಾಠಿಗಳೊಡನೆ ಮತ್ತು ಶಿಕ್ಷಕರೊಡನೆ ಮಗು ಬೆಳೆಸಿಕೊಳ್ಳುವ ಸಂಬಂಧ, ಈ ಗುಂಪಿನಲ್ಲಿ ತನಗೂ ಜಾಗವಿದೆಯೆಂಬ ನಂಬಿಕೆ, ಇವು ಸಾಮಾಜಿಕ ಹೊಂದಾಣಿಕೆಗೆ ಸೇರುತ್ತವೆ. ಶಾಲೆಯ ವೇಳೆ, ಸರದಿ, ಶಿಸ್ತು, ಹೋಂವರ್ಕ್ ಮುಂತಾದ ನಿರೀಕ್ಷೆಗಳಿಗೆ ತಕ್ಕಂತೆ ತನ್ನ ನಡೆಯನ್ನು ತಾನೇ ತಿದ್ದಿಕೊಳ್ಳುವುದು ವರ್ತನಾ ಹೊಂದಾಣಿಕೆ ಎನಿಸುತ್ತದೆ. ಇವೆರಡೂ ಒಂದರ ಮೇಲೊಂದು ನಿಂತಿವೆ. ಜೊತೆಗಾರರಿಲ್ಲದ ಮಗು ಬೆಳಿಗ್ಗೆ ಹೊಟ್ಟೆನೋವೆನ್ನುತ್ತದೆ, ಸೋಮವಾರ ತಪ್ಪಿಸಿಕೊಳ್ಳುತ್ತದೆ, ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ, ಇಲ್ಲವೇ ಸಣ್ಣ ಮಾತಿಗೂ ಕೈ ಎತ್ತುತ್ತದೆ. ಹೊರಗಿನಿಂದ ನೋಡುವವರಿಗೆ ಸೋಮಾರಿತನವಾಗಿಯೋ ಉದ್ಧಟತನವಾಗಿಯೋ ಕಾಣುವ ಈ ನಡವಳಿಕೆಯ ಬೇರು ಬಹುಮಟ್ಟಿಗೆ ಒಂಟಿತನದಲ್ಲಿರುತ್ತದೆ.

ಅಮೆರಿಕದ ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ಪ್ರಕಟಿಸಿದ, ಮಾನವ ವಿಕಾಸದ ಪರಿಸರವನ್ನು ಕುರಿತ ಗ್ರಂಥದಲ್ಲಿ, ವ್ಯಕ್ತಿಯೊಬ್ಬ ತನಗೆ ಪರಿಚಿತವಾದ ಪರಿಸರದಿಂದ ಹೊಸದೊಂದಕ್ಕೆ ಸಾಗುವುದನ್ನು ಪರಿಸರ ಸಂಕ್ರಮಣವೆಂದು ಗುರುತಿಸಿದರು. ಹೊಸ ಪರಿಸರಕ್ಕೆ ಮಗು ಒಂಟಿಯಾಗಿ ಕಾಲಿಡದೆ, ಹಳೆಯ ಪರಿಸರದಿಂದ ಬಂದ ಯಾರಾದರೊಬ್ಬರ ಜೊತೆಯಲ್ಲಿ ಪ್ರವೇಶಿಸಿದರೆ ಅಲ್ಲಿ ಅದರ ಬೆಳವಣಿಗೆ ಹೆಚ್ಚು ಸಮೃದ್ಧವಾಗುತ್ತದೆಂಬುದು ಅವರು ಮುಂದಿಟ್ಟ ಮುಖ್ಯ ಪ್ರತಿಪಾದನೆಗಳಲ್ಲಿ ಒಂದು. ತೋಟದ ಮನೆಗಳು, ಹಟ್ಟಿಗಳು, ಪುಟ್ಟ ಪುಟ್ಟ ಊರುಗಳು ಚದುರಿಕೊಂಡಿರುವ ತೆಂಗಿನ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಚಪ್ಪರದ ಕೆಳಗಿನಿಂದ ಸಾಲು ಬೆಂಚಿಗೆ

ಮೊದಲ ಸಂಕ್ರಮಣ ಶಾಲೆ ಬದಲಾಗದೆಯೇ ನಡೆಯುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ರೂಪುಗೊಂಡು, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ‘ನಲಿ-ಕಲಿ’ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕುಳಿತು ಕಲಿಯುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ಮೈಲಿಗಲ್ಲನ್ನು ತಾನೇ ನೋಡಿಕೊಂಡು, ಬೇಕಾದ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಒಂದು ಗುಂಪಿಗೆ ಶಿಕ್ಷಕರ ಸಹಾಯ ದೊರೆತರೆ ಇನ್ನೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ಸ್ವತಃ ಕಲಿಯುತ್ತದೆ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳೂ ಅಕ್ಷರಗಳೂ ತೂಗುತ್ತಿರುತ್ತವೆ. ನಾಲ್ಕನೇ ತರಗತಿಗೆ ಬಂದೊಡನೆ ಈ ವ್ಯವಸ್ಥೆ ಮುಗಿದು, ಎಲ್ಲರೂ ಒಂದೇ ಪುಟವನ್ನು ಒಂದೇ ಹೊತ್ತಿಗೆ ತೆರೆದು, ಕಪ್ಪು ಹಲಗೆಯತ್ತ ಮುಖ ಮಾಡಿ, ಕೇಳಿದಾಗ ಮಾತ್ರ ಮಾತನಾಡಬೇಕಾಗುತ್ತದೆ. ನಿನ್ನೆಯವರೆಗೆ ಪಕ್ಕದವರಿಗೆ ಹೇಳಿಕೊಡುವುದು ಗುಣವಾಗಿದ್ದಲ್ಲಿ ಇಂದು ಅದೇ ಗಲಾಟೆಯೆನಿಸಿಕೊಂಡರೆ, ಎಂಟೊಂಬತ್ತು ವರ್ಷದ ಮಗುವಿಗೆ ಗೊಂದಲವಾಗುವುದು ಸಹಜ. ನಾಲ್ಕನೇ ತರಗತಿಯ ಮೊದಲ ಕೆಲವು ವಾರ ಗುಂಪು ಕೆಲಸವನ್ನು ಉಳಿಸಿಕೊಂಡು, ಹೊಸ ಕ್ರಮವನ್ನು ಬಿಡಿಸಿ ಹೇಳಿ ನಿಧಾನವಾಗಿ ತರುವ ಶಿಕ್ಷಕರು ಈ ಗೊಂದಲವನ್ನು ಬಹಳಷ್ಟು ಕಡಿಮೆ ಮಾಡಬಲ್ಲರು.

ಎಂಟನೇ ತರಗತಿಯ ಏರು

ಎಲ್ಲಕ್ಕಿಂತ ಕಡಿದಾದ ಸಂಕ್ರಮಣ ಪ್ರೌಢಶಾಲೆಯದು. ಸಣ್ಣ ಊರಿನ ಶಾಲೆಯಲ್ಲಿ ಎಲ್ಲ ತರಗತಿ ಸೇರಿದರೂ ಮಕ್ಕಳ ಸಂಖ್ಯೆ ಕಡಿಮೆ. ಮೇಷ್ಟ್ರಿಗೆ ಪ್ರತಿ ಮಗುವಿನ ಮನೆ, ತಂದೆತಾಯಿಯ ಹೆಸರು, ಕಾಯಿ ಕೀಳಿಸುವ ದಿನ ಕೂಡ ಗೊತ್ತಿರುತ್ತದೆ. ಅಲ್ಲಿಂದ ಹೋಬಳಿ ಕೇಂದ್ರದ ಅಥವಾ ಪಟ್ಟಣದ ಪ್ರೌಢಶಾಲೆಗೆ, ನೊಣವಿನಕೆರೆ, ಮಾಯಸಂದ್ರ, ಹುಳಿಯಾರಿನಂಥ ಕಡೆಗೆ ಬಂದಾಗ ಗಂಟೆಗೊಬ್ಬ ವಿಷಯ ಶಿಕ್ಷಕರು, ನಾಲ್ಕಾರು ಊರುಗಳಿಂದ ಬಂದ ಸಹಪಾಠಿಗಳು, ಬಸ್ಸಿನ ವೇಳೆಗೆ ಕಟ್ಟುಬಿದ್ದ ದಿನಚರಿ, ಎಲ್ಲವೂ ಒಮ್ಮೆಗೇ ಎದುರಾಗುತ್ತವೆ. ಊರಿನ ಶಾಲೆಯಲ್ಲಿ ಮೊದಲನೆಯವರಾಗಿದ್ದ ಹುಡುಗಿ ಅಥವಾ ಹುಡುಗ ಇಲ್ಲಿ ಹೆಸರೇ ತಿಳಿಯದ ಹಲವರಲ್ಲಿ ಒಬ್ಬರಾಗುತ್ತಾರೆ.

ಇದು ಹದಿಮೂರರ ವಯಸ್ಸಿನಲ್ಲಿ ನಡೆಯುತ್ತದೆಂಬುದು ಸಮಸ್ಯೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಅಮೆರಿಕದ ಮಿಲ್ವಾಕಿ ನಗರದ ಶಾಲೆಗಳಲ್ಲಿ ನಡೆಸಿದ ದೀರ್ಘ ಅಧ್ಯಯನವನ್ನು 1987ರಲ್ಲಿ ಪ್ರಕಟಿಸಿದ ರಾಬರ್ಟಾ ಸಿಮನ್ಸ್ ಮತ್ತು ಡೇಲ್ ಬ್ಲೈತ್, ಎಂಟನೇ ತರಗತಿಯವರೆಗೂ ಒಂದೇ ಶಾಲೆಯಲ್ಲಿ ಉಳಿದವರಿಗೆ ಹೋಲಿಸಿದರೆ ಹರೆಯದ ಆರಂಭದಲ್ಲಿಯೇ ಶಾಲೆ ಬದಲಿಸಿದ ಹುಡುಗಿಯರಲ್ಲಿ ಆತ್ಮಗೌರವ ಕುಸಿಯುವುದನ್ನು ಗುರುತಿಸಿದರು. ದೇಹ, ಶಾಲೆ, ಸ್ನೇಹ ಮುಂತಾದ ಹಲವು ಬದಲಾವಣೆಗಳು ಒಟ್ಟಿಗೆ ಬಂದಷ್ಟೂ ಹೊರೆ ಹೆಚ್ಚುತ್ತದೆಂದು ತೋರಿಸಿಕೊಟ್ಟರು. ಎಳೆಯ ಹರೆಯದವರಿಗೆ ಹಿರಿಯರ ಹತ್ತಿರದ ಆಸರೆ ಮತ್ತು ಸ್ವಂತ ನಿರ್ಧಾರದ ಅವಕಾಶ ಹೆಚ್ಚು ಬೇಕಾದ ಕಾಲದಲ್ಲಿಯೇ ಶಾಲೆಗಳು ಹೆಚ್ಚು ದೂರವೂ ಹೆಚ್ಚು ಕಟ್ಟುನಿಟ್ಟೂ ಆಗಿಬಿಡುತ್ತವೆಂದು ಮನೋವಿಜ್ಞಾನಿ ಜಾಕ್ವೆಲಿನ್ ಎಕಲ್ಸ್ ವಾದಿಸಿದರು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ, ರಾಜ್ಯದಲ್ಲಿ 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಈ ದೃಷ್ಟಿಯಿಂದ ಒಂದು ಅನುಕೂಲ ಒದಗಿಸುತ್ತವೆ. ಆದರೆ ಏಳನೇ ತರಗತಿ ಮುಗಿಸಿ ಸುತ್ತಲಿನ ಊರುಗಳಿಂದ ಅಲ್ಲಿಗೆ ಸೇರುವ ಮಗು, ವರ್ಷಗಳಿಂದ ಒಟ್ಟಿಗಿರುವ ಗುಂಪಿನ ನಡುವೆ ಇನ್ನಷ್ಟು ಹೊರಗಿನದಾಗುವ ಅಪಾಯವನ್ನೂ ಮರೆಯಬಾರದು.

ಶಾಲೆಗೆ ಜೊತೆಯಾಗಿ ಹೋಗಿಬರುವ ದಾರಿಯ ಗುಂಪು ಇಲ್ಲಿ ದೊಡ್ಡ ಆಸರೆ. ಸರ್ಕಾರ 2006-07ರಲ್ಲಿ ಆರಂಭಿಸಿ ಹಲವು ವರ್ಷ ನಡೆಸಿದ ಎಂಟನೇ ತರಗತಿಯವರ ಸೈಕಲ್ ಯೋಜನೆ ದೂರವನ್ನು ಕಡಿಮೆ ಮಾಡಿದ್ದಷ್ಟೇ ಅಲ್ಲ, ಒಂದೇ ಊರಿನ ಮಕ್ಕಳು ಒಟ್ಟಾಗಿ ಹೋಗಿಬರಲು ಅನುವು ಮಾಡಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಹುಡುಗಿಯರಿಗೆ ಅಂಥದೇ ಬಲ ನೀಡಿದೆ. ತೋಟದ ಮನೆಯಲ್ಲಿ ಒಡಹುಟ್ಟಿದವರ ಹೊರತು ಆಡಲು ಜೊತೆಯಿಲ್ಲದೆ ಬೆಳೆದ ಮಕ್ಕಳಿಗೆ ಬಸ್ ನಿಲ್ದಾಣದ ಗೆಳೆತನವೇ ಹೊಸ ಶಾಲೆಯ ಮೊದಲ ಗೆಳೆತನವಾಗುತ್ತದೆ.

ಹಟ್ಟಿ, ತಾಂಡಾ, ಮನೆಮಾತು

ಎಲ್ಲ ಮಕ್ಕಳೂ ಒಂದೇ ದೂರದಿಂದ ಬರುವುದಿಲ್ಲ. ಊರಿನಿಂದ ಬೇರೆಯಾಗಿ ನಿಂತ ಗೊಲ್ಲರಹಟ್ಟಿಯ ಮಗುವಿಗೆ, ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗುವಿಗೆ, ಉರ್ದು ಮಾಧ್ಯಮದ ಪ್ರಾಥಮಿಕ ಶಾಲೆಯಿಂದ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಬರುವ ಮಗುವಿಗೆ ಹೊಸ ಶಾಲೆಯೆಂದರೆ ಹೊಸ ಸಮಾಜವೂ ಹೌದು. ಇಂಥ ಮಕ್ಕಳ ಮಾತಿನ ಧಾಟಿಯನ್ನು ಅಣಕಿಸುವುದು, ಅಡ್ಡಹೆಸರಿಟ್ಟು ಕರೆಯುವುದು, ಬಿಸಿಯೂಟದ ಸಾಲಿನಲ್ಲಿ ಕೇರಿ ಕೇರಿಯಾಗಿ ಕೂರುವುದನ್ನು ಕಂಡೂ ಕಾಣದಂತಿರುವುದು, ಇವು ಮಗುವನ್ನು ಶಾಲೆಯಿಂದ ಮೆಲ್ಲಗೆ ಹೊರದೂಡುವ ಕ್ರಮಗಳು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳು ಮಕ್ಕಳಿಗೆ ಕೊಡುವ ನೋವಿನ ವಿಷಯದಲ್ಲಿಯೂ ಶಿಕ್ಷಕರು ಅಷ್ಟೇ ಎಚ್ಚರ ವಹಿಸಬೇಕು.

ವಸತಿ ಶಾಲೆಗಳದು ಇನ್ನೊಂದು ಬಗೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ನವೋದಯ ವಿದ್ಯಾಲಯಕ್ಕೂ ಪ್ರವೇಶ ಪರೀಕ್ಷೆಯ ಮೂಲಕ ಆರನೇ ತರಗತಿಗೆ ಸೇರುವವರು ಹತ್ತು ಹನ್ನೊಂದು ವರ್ಷದವರು. ಪಾಠದಲ್ಲಿ ಮುಂದಿದ್ದು ಆಯ್ಕೆಯಾದ ಮಗುವೂ ರಾತ್ರಿ ತಾಯಿಯ ನೆನಪಿಗೆ ಅಳುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಂಥ ದೊಡ್ಡ ಉಚಿತ ವಸತಿ ನಿಲಯಗಳಲ್ಲಿ ಪ್ರಾರ್ಥನೆ, ಊಟ, ಕೆಲಸಗಳೆಲ್ಲ ಸಾಮೂಹಿಕವಾಗಿ ನಡೆಯುವುದರಿಂದ ಹೊಸಬರು ಹಳಬರನ್ನು ನೋಡಿ ಕಲಿಯಲು ಅವಕಾಶವಿದೆ. ಒಬ್ಬ ಹಿರಿಯ ವಿದ್ಯಾರ್ಥಿಯ ಕಾಳಜಿ ಮೊದಲ ತಿಂಗಳಲ್ಲಿ ನೂರು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೊಬ್ಬರಿ ಧಾರಣೆ ಮತ್ತು ಶಾಲಾ ಶುಲ್ಕ

ಈ ಸೀಮೆಯಲ್ಲಿ ಶಾಲೆ ಬದಲಾಗಲು ಮತ್ತೊಂದು ಕಾರಣವಿದೆ. ಬಲಿತ ಕಾಯಿಯನ್ನು ಅಟ್ಟದಲ್ಲಿ ಎಂಟರಿಂದ ಹನ್ನೆರಡು ತಿಂಗಳು ಒಣಗಲು ಬಿಟ್ಟು, ನೀರು ಇಂಗಿದ ಮೇಲೆ ಮಟ್ಟೆ ಸುಲಿದು ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುವ ಕುಟುಂಬಗಳಿಗೆ ಹಣ ಬರುವುದು ಕೊಬ್ಬರಿ ಮಾರಿದಾಗ. ಖಾಸಗಿ ಶಾಲೆಯ ಕಂತು, ವ್ಯಾನಿನ ಬಾಡಿಗೆ ಅದನ್ನೇ ನೆಚ್ಚಿಕೊಂಡಿರುತ್ತವೆ. ತಿಪಟೂರು ಎಪಿಎಂಸಿಯಲ್ಲಿ 2023ರಲ್ಲಿ ಧಾರಣೆಯು ಅಂದಿನ ಬೆಂಬಲ ಬೆಲೆಯಾದ ಕ್ವಿಂಟಲಿಗೆ 11,750 ರೂಪಾಯಿಗಿಂತ ಕೆಳಗಿಳಿದಂತೆ ಬೆಲೆ ಕುಸಿದಾಗ, ಮನೆಯ ಲೆಕ್ಕಾಚಾರದಲ್ಲಿ ಮಕ್ಕಳ ಶಾಲೆಯೂ ಚರ್ಚೆಗೆ ಬರುತ್ತದೆ. ಹೀಗೆ ಖಾಸಗಿ ಶಾಲೆಯಿಂದ ಸರ್ಕಾರಿ ಶಾಲೆಗೆ ಸ್ಥಳಾಂತರಗೊಳ್ಳುವ ಮಗು ಗೆಳೆಯರನ್ನು ಕಳೆದುಕೊಂಡ ದುಃಖದ ಜೊತೆಗೆ ಮನೆಯ ಕಷ್ಟದ ಅಳುಕನ್ನೂ ಹೊತ್ತು ಬರುತ್ತದೆ. ಸರ್ಕಾರಿ ಶಾಲೆಗೆ ವರ್ಗಾವಣೆ ಕೇಳುವುದು ಆ ಮಗುವಿನ ಹಕ್ಕೆಂದೂ, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದೆಂದೂ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣ ಹೇಳುತ್ತದೆ. ಕಾಯ್ದೆ ಬಾಗಿಲು ತೆರೆಯುತ್ತದೆ, ಒಳಗೆ ಕರೆದು ಕೂರಿಸಬೇಕಾದವರು ಶಾಲೆಯವರು.

ಮಾಡಬಹುದಾದದ್ದು

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಏಳನೇ ತರಗತಿಯವರನ್ನು ವರ್ಷದ ಕೊನೆಯಲ್ಲಿ ಅವರು ಸೇರಲಿರುವ ಪ್ರೌಢಶಾಲೆಗೆ ಒಂದು ದಿನ ಕರೆದೊಯ್ದು ತರಗತಿ, ಶೌಚಾಲಯ, ಗ್ರಂಥಾಲಯ ತೋರಿಸಬಹುದು. ಒಂದೇ ಊರಿನಿಂದ ಬಂದವರನ್ನು ಬೇರೆ ಬೇರೆ ವಿಭಾಗಗಳಿಗೆ ಚದುರಿಸದೆ ಕನಿಷ್ಠ ಇಬ್ಬರನ್ನಾದರೂ ಒಟ್ಟಿಗಿಡಬಹುದು. ಒಬ್ಬರೇ ಬಂದಿದ್ದರೆ ಒಂಬತ್ತನೇ ತರಗತಿಯ ಒಬ್ಬರನ್ನು ಜೊತೆಗಾರರನ್ನಾಗಿ ನೇಮಿಸಬಹುದು. ಹಳೆಯ ಶಾಲೆಯ ಮೇಷ್ಟ್ರು ಅಂಕಗಳ ಜೊತೆಗೆ ಮಗುವಿನ ಸ್ವಭಾವ, ಆಸಕ್ತಿ, ಅಂಜಿಕೆಗಳ ಬಗ್ಗೆ ನಾಲ್ಕು ಸಾಲು ಬರೆದು ಕಳುಹಿಸಬಹುದು. ಸೇತುಬಂಧದ ದಿನಗಳಲ್ಲಿ ದಿನಕ್ಕೊಂದು ಅವಧಿಯನ್ನು ಪರಿಚಯ ಮತ್ತು ಆಟಕ್ಕೆ ಮೀಸಲಿಡಬಹುದು. ವಾರಗಟ್ಟಲೆ ಊಟ ನಿದ್ದೆ ಬಿಟ್ಟು ಕುಗ್ಗುವ ಮಗುವಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098 ಇವೆಯೆಂಬುದನ್ನು ಪೋಷಕರ ಸಭೆಯಲ್ಲಿ ತಿಳಿಸಬಹುದು.

ಹೊಸ ಶಾಲೆಗೆ ಹೊಂದಿಕೊಂಡಿತೇ ಎಂದು ಮಗುವನ್ನು ಮಾತ್ರ ಪರೀಕ್ಷಿಸುವುದು ನ್ಯಾಯವಲ್ಲ. ಬಂದ ಮಗುವಿನ ಹೆಸರು ಮೊದಲ ವಾರದಲ್ಲಿಯೇ ಎಲ್ಲ ಶಿಕ್ಷಕರಿಗೂ ತಿಳಿಯಿತೇ, ಊಟಕ್ಕೆ ಅದು ಯಾರ ಪಕ್ಕ ಕೂರುತ್ತದೆಂದು ಯಾರಾದರೂ ಗಮನಿಸಿದರೇ ಎಂಬ ಪ್ರಶ್ನೆಗಳಿಗೆ ಪ್ರತಿ ಮುಖ್ಯ ಶಿಕ್ಷಕರು ಮತ್ತು ಪ್ರತಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಜೂನ್ ತಿಂಗಳು ಮುಗಿಯುವುದರೊಳಗೆ ಉತ್ತರ ಕಂಡುಕೊಳ್ಳುವಂತಾಗಬೇಕು.