ಕಲ್ಪೆಟ್ಟ ನಗರಸಭೆ: ಬಲಾಬಲವೂ ಭಾಷೆಯ ಹಕ್ಕೂ

ವಯನಾಡಿನ ಆಡಳಿತದ ಚರಿತ್ರೆಯು ಗಡಿಗಳನ್ನು ಮರಳಿ ಮರಳಿ ಬರೆದ ಚರಿತ್ರೆ. ಮದರಾಸು ಆಧಿಪತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದ ಈ ನಾಡಿನ ಆಗ್ನೇಯ ಭಾಗ 1877ರಲ್ಲಿ ನೀಲಗಿರಿಗೆ ಹೋಯಿತು. ಕೇರಳ ರಾಜ್ಯ ರೂಪುಗೊಂಡ ಬಳಿಕ ಉಳಿದ ಭಾಗವು ಕಣ್ಣೂರು ಹಾಗೂ ಕಲ್ಲಿಕೋಟೆ ಜಿಲ್ಲೆಗಳಲ್ಲಿ ಹಂಚಿಹೋಯಿತು. 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾದಾಗ ಕಲ್ಪೆಟ್ಟ ಅದರ ಕೇಂದ್ರವಾಯಿತು. 1990ರಲ್ಲಿ ನಗರಸಭೆಯೂ ಬಂದಿತು. ಮಾನಂದವಾಡಿ, ಸುಲ್ತಾನ್ ಬತ್ತೇರಿಗಳಿಗೆ ಆ ಪದವಿ ದೊರೆತುದು 2015ರಲ್ಲಿ. ಅಲ್ಲಿಯವರೆಗೆ ಜಿಲ್ಲೆಗೆಲ್ಲ ಇದ್ದುದು ಕಲ್ಪೆಟ್ಟದ ಒಂದೇ ನಗರಸಭೆ.

ಈ ಪಟ್ಟಣದ ರಾಜಕೀಯದಲ್ಲಿ ಕನ್ನಡ ಮೂಲದ ಜೈನ ಗೌಡರ ಹೆಜ್ಜೆ ಆಳವಾಗಿದೆ. ಪುಳಿಯಾರ್‌ಮಲೆಯ ಅನಂತನಾಥ ಬಸದಿ ಆ ವಲಸೆಯ ಸಾಕ್ಷಿ. ಎಂ.ಕೆ. ಪದ್ಮಪ್ರಭ ಗೌಡರು, ಅವರ ಪುತ್ರ ಎಂ.ಪಿ. ವೀರೇಂದ್ರಕುಮಾರ್ ಇಲ್ಲಿ ಸಮಾಜವಾದಿ ಪರಂಪರೆಯೊಂದನ್ನು ಬೆಳೆಸಿದರು. ವೀರೇಂದ್ರಕುಮಾರ್ 1987ರಲ್ಲಿ ಕಲ್ಪೆಟ್ಟದಿಂದ ಗೆದ್ದು ಅರಣ್ಯ ಸಚಿವರಾಗಿ, ಮರ ಕಡಿಯಬಾರದೆಂಬ ಆಜ್ಞೆ ಹೊರಡಿಸಿ, ಎರಡೇ ದಿನಗಳಲ್ಲಿ ಪದವಿ ತೊರೆದರು. ಕಾಂಗ್ರೆಸ್, ಮುಸ್ಲಿಂ ಲೀಗ್, ಸಿಪಿಎಂಗಳಂತಹ ದೊಡ್ಡ ಪಕ್ಷಗಳ ನಡುವೆ ಈ ಸಣ್ಣ ಪಕ್ಷದ ತೂಕ ಎಷ್ಟೆಂದರೆ, 2018ರಲ್ಲಿ ಅದು ಐಕ್ಯರಂಗವನ್ನು ಬಿಟ್ಟಾಗ ನಗರಸಭೆಯ ಲೆಕ್ಕಾಚಾರವೂ ಬದಲಾಯಿತು. 2020ರ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ ಐಕ್ಯರಂಗಕ್ಕೆ 15, ಎಡರಂಗಕ್ಕೆ 13. ಒಬ್ಬ ಸದಸ್ಯ ಆಚೆ ಸರಿದರೆ ಸಮಬಲ! ಇಂತಹ ಸಭೆಗಳಿಗಾಗಿಯೇ ಕೇರಳವು 1999ರಲ್ಲಿ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯಿದೆಯನ್ನು ತಂದುದು.

2025ರ ಡಿಸೆಂಬರಿನಲ್ಲಿ ಎಡರಂಗ ಅಧಿಕಾರಕ್ಕೆ ಬಂದು, ಪಣಿಯ ಸಮುದಾಯದ ಪಿ. ವಿಶ್ವನಾಥನ್ ಅಧ್ಯಕ್ಷರಾದರು. ತಲೆಮಾರುಗಳ ಕಾಲ ಜೀತದಲ್ಲಿದ್ದ ಜನಾಂಗದವರೊಬ್ಬರು ಆ ಪೀಠವನ್ನೇರಿದುದು, ನನ್ನ ದೃಷ್ಟಿಯಲ್ಲಿ, ಯಾವ ರಂಗ ಗೆದ್ದಿತೆಂಬುದಕ್ಕಿಂತ ದೊಡ್ಡ ಸಂಗತಿ. ಸಂವಿಧಾನದ 243-ಟಿ ವಿಧಿಯ ಮೀಸಲಾತಿ ಕಾಗದದಿಂದಿಳಿದು ಕುರ್ಚಿಯವರೆಗೆ ನಡೆದು ಬಂದ ದೂರ ಅದು.

ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮಗೆ ಇದರಿಂದೇನು ಎಂದು ಓದುಗರು ಕೇಳಬಹುದು. ಸಂವಿಧಾನದ 350-ಎ ವಿಧಿಯನ್ನು ನಿಧಾನವಾಗಿ ಓದಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕಾದುದು ರಾಜ್ಯ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಹೌದು. ‘ಪ್ರಯತ್ನ’ ಎಂಬ ಪದ ದುರ್ಬಲ, ನಿಜ. ಅದೊಂದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರೆ ಗೆಲುವು ಖಚಿತವೆಂದು ಯಾವ ವಕೀಲನೂ ಹೇಳಲಾರ. ಆದರೆ ನಗರಸಭೆಯು ‘ಇದು ನಮ್ಮ ವಿಷಯವಲ್ಲ’ ಎಂದು ಅರ್ಜಿಯನ್ನು ತಿರುವನಂತಪುರದ ಕಡೆಗೆ ತಳ್ಳುವಂತಿಲ್ಲ. ಅದರಲ್ಲಿಯೂ 1995ರಲ್ಲಿ ಸರಕಾರಿ ಶಾಲೆಗಳ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಹಸ್ತಾಂತರವಾದ ಮೇಲೆ ಆ ನೆಪಕ್ಕೆ ಜಾಗವೇ ಇಲ್ಲ.

ಕಾಸರಗೋಡಿನಲ್ಲಿ ನಮಗೆ ಸಂಖ್ಯೆಯ ಬಲವಿದೆ. ವಯನಾಡಿನಲ್ಲಿ ಜೈನರ ಮನೆಗಳೂ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯಕರ ಹಾಡಿಗಳೂ ಚದುರಿವೆ. ಒಂದೇ ವಾರ್ಡಿನಲ್ಲಿ ಗೆಲ್ಲುವಷ್ಟು ಮತ ಕೂಡುವುದು ಕಷ್ಟ. ಅಂಥವರಿಗೆ ಉಳಿದಿರುವ ದಾರಿ ವಾರ್ಡ್ ಸಭೆ. ಒಂದು ಲಕ್ಷ ಮೀರದ ಜನಸಂಖ್ಯೆಯ ನಗರಸಭೆಗಳಲ್ಲಿ ಅದು ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಕಲ್ಪೆಟ್ಟದ ಜನಸಂಖ್ಯೆ 2011ರಲ್ಲಿ ಸುಮಾರು 31 ಸಾವಿರ. ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು, ಕೌನ್ಸಿಲರ್ ಸಂಚಾಲಕ. ಕನ್ನಡ ಅಧ್ಯಾಪಕರ ಬೇಡಿಕೆಯನ್ನು ಅಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಬರೆದು ಕೊಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಅದರ ನಕಲನ್ನು ಪಡೆಯಬೇಕು.